ಎಡಕ್ಕೆ 6, ಬಲಕ್ಕೆ 46

ನಿನ್ನೆ ಸಂಜೆ ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯ (ಎರಕದ ಕಾರ್ಖಾನೆಯ) ಆಫೀಸಿನಲ್ಲಿ 22 ಶೀಟುಗಳ ಸೆಟ್ಟು ಕೊಟ್ಟು ಬಂದೆ. ಎಲ್ಲ ಮಷಿನ್ ಭಾಗಗಳ ಡ್ರಾಯಿಂಗು. ಬಿಡಿಸೋಕೆ ಹಿಡಿದದ್ದು ಒಂಬತ್ತು ದಿನ. ಅವುಗಳ ಸುತ್ತ ಬಾರ್ಡರ್ ಸರಿಯಾಗಿ ಕೂತು ಪ್ರಿಂಟ್ ಬರೋಕೆ ಹಿಡಿದದ್ದು ಹನ್ನೊಂದು ದಿನ. ನಗಬೇಡಿ. ನಾಳೆ ನಿಮಗೂ ಇದೇ ಪರಿಸ್ಥಿತಿ ಬರಬಹುದು, ಅದಕ್ಕೇ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಡಿಪ್ಲೊಮಾ ಮೊದಲ ವರ್ಷ ಡ್ರಾಯಿಂಗ್ ಹಾಲಿನಲ್ಲಿ ನಮ್ಮ ಸರ್ ಮೊದಲ ಅರ್ಧ ತಾಸು ಬಾರ್ಡರ್‌ಗೇ ಇಡುತ್ತಿದ್ದರು. ಬೋರ್ಡಿಗೆ ಹಾಳೆ ಹಚ್ಚಿ, ಗೆರೆ ಎಳೆಯುವ ಮಿನಿ ಡ್ರಾಫ್ಟರ್ ಕೂರಿಸಿ, ಅಂಚಿನಿಂದ ಅಳತೆ ಹಿಡಿದು ನಾಲ್ಕು ಗೆರೆ. ಅದು ಒಪ್ಪಿಗೆಯಾದ ಮೇಲೇ ಮುಂದಿನ ಕೆಲಸ. ಅಲ್ಲಿ ಅಂಚು ಅಂದರೆ ಕೈಗೆ ಸಿಗುವ ಅಂಚು. ಕಂಪ್ಯೂಟರಿಗೆ ಬಂದ ಮೇಲೆ ಆ ಅಂಚು ಎಲ್ಲಿದೆ ಅನ್ನೋದೇ ಗೊತ್ತಿಲ್ಲದೆ ಆರು ವರ್ಷ ದುಡಿದಿದ್ದೇನೆ. ಗೊತ್ತಾಗುವ ಪ್ರಸಂಗ ಬಂದಿರಲಿಲ್ಲ. ಟಿಳಕವಾಡಿಯ ಮನೆಯಲ್ಲೇ ಕೂತು ಜಾಬ್ ವರ್ಕ್ ಮಾಡುತ್ತೇನೆ. ಪಿಡಿಎಫ್ ಮಾಡಿ ಕಳಿಸಿದರೆ ಮುಗಿಯಿತು, ನೋಡುವವರೂ ಸ್ಕ್ರೀನಿನಲ್ಲೇ ನೋಡುತ್ತಾರೆ.

ಈ ಸಲ ಹಾಗಿರಲಿಲ್ಲ. ಫೌಂಡ್ರಿಯ ಗಿರಾಕಿ ಪುಣೆಯವರು. ಅವರಿಗೆ ಪ್ರಿಂಟೇ ಬೇಕು, ಫೈಲಿಗೆ ಹಾಕಿದ ಸೆಟ್ಟು ಬೇಕು. ಎ1 ಅಳತೆಯ 4 ಅಸೆಂಬ್ಲಿ ಶೀಟು, ಎ3 ಅಳತೆಯ 18 ಬಿಡಿ ಭಾಗದ ಶೀಟು. ಫೌಂಡ್ರಿಯ ಸಾಹುಕಾರರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬಾರ್ಡರ್ ಎಲ್ಲಾದಕ್ಕೂ ಸರೀ ಇರ್ಲಿ ನೋಡ್ರಿ, ಅವ್ರು ಭಾಳ ಕಿರಿಕಿರಿ ಮಂದಿ."

ಸರೀ ಅಂದರೆ ಏನು ಅಂತ ನಾನು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತಿತ್ತು.

ಮೊದಲ ದಿನ. ಜುಲೈ ತಿಂಗಳು, ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಜೋರಾಗಿ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಪೆನ್‌ಡ್ರೈವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆರ್‌ಪಿಡಿ ಕ್ರಾಸಿನ ಹತ್ತಿರದ ಪ್ಲಾಟಿಂಗ್ ಅಂಗಡಿಗೆ (ದೊಡ್ಡ ಹಾಳೆಯ ಪ್ರಿಂಟ್ ತೆಗೆಯುವ ಅಂಗಡಿ) ಹೋದೆ. ಎ1 ಒಂದಕ್ಕೆ 50 ರೂಪಾಯಿ, ಎ3ಕ್ಕೆ 12. ಇಡೀ ಸೆಟ್ಟಿಗೆ 416. ಮೊದಲು ಒಂದೇ ಎ1 ತೆಗೆಯಲು ಹೇಳಿದೆ.

ಹಾಳೆ ಮಷಿನ್ನಿನಿಂದ ಇಳಿದು ಬಂತು. ಅಂಗಡಿ ಹುಡುಗ ಅದನ್ನು ಮೇಜಿನ ಮೇಲೆ ಹಾಸಿದ. ಇಬ್ಬರೂ ಸುಮ್ಮನೆ ನಿಂತೆವು. ಬಾರ್ಡರ್ ಗೆರೆ ಎಡಗಡೆ ಹಾಳೆಯ ಅಂಚಿಗೆ ಹೋಗಿ ಕೂತಿದೆ, ಬಲಗಡೆ ಅಂಗಳದಷ್ಟು ಖಾಲಿ. ಸ್ಕೇಲ್ ಇಟ್ಟೆ. ಎಡಕ್ಕೆ 6 ಮಿಮೀ, ಬಲಕ್ಕೆ 46. ಮೇಲೆ ಕೆಳಗೆ 18.

"ಅಕ್ಕಾರ, ನಿಮ್ಮ ಫೈಲಿನಾಗ ಹಂಗ ಐತಿ. ನಾ ಏನೂ ಮಾಡಿಲ್ರಿ," ಅಂದ ಹುಡುಗ. ನಿಜವೇ ಹೇಳಿದ್ದ. ಅವನ ಕಂಪ್ಯೂಟರಿನಲ್ಲೇ ಪಿಡಿಎಫ್ ತೆಗೆದು ನೋಡಿದೆ, ಹಾಗೇ ಇತ್ತು.

ಮನೆಗೆ ಬಂದು ಡ್ರಾಯಿಂಗ್ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್ ತೆರೆದೆ. ಪ್ಲಾಟ್ ಕಿಟಕಿಯಲ್ಲಿ 'ಎಕ್ಸ್‌ಟೆಂಟ್ಸ್' ಅಂತ ಆರಿಸಿದ್ದೆ, 'ಫಿಟ್ ಟು ಪೇಪರ್' ಟಿಕ್ ಇತ್ತು, 'ಸೆಂಟರ್ ದ ಪ್ಲಾಟ್' ಟಿಕ್ ಇರಲಿಲ್ಲ. ಓಹೋ, ಇಷ್ಟೇನಾ ಅಂದುಕೊಂಡು ಸೆಂಟರ್‌ಗೆ ಟಿಕ್ ಹಾಕಿದೆ. ಪ್ರಿವ್ಯೂನಲ್ಲಿ ಚಿತ್ರ ಹಾಳೆಯ ನಟ್ಟನಡುವೆ ಬಂದು ಕೂತಿತು. ಎಡಬಲ 26, 26. ಮೇಲೆ ಕೆಳಗೆ 18, 18. ನೋಡಲು ಏನು ಚೆಂದ! ಮರುದಿನ 22 ಶೀಟನ್ನೂ ತೆಗೆಸಿ, ಸುರುಳಿ ಸುತ್ತಿ, ಫೌಂಡ್ರಿಗೆ ಕೊಟ್ಟು, ಬರುವಾಗ ಅರ್ಧ ಕಿಲೋ ಕುಂದಾ ತಂದೆ. ಕೆಲಸ ಮುಗಿಯಿತು ಅಂತ.

ಎರಡು ದಿನ ಬಿಟ್ಟು ಫೋನ್ ಬಂತು. ಸಾಹುಕಾರರಲ್ಲ, ಪ್ಯಾಟರ್ನ್ ಶಾಪಿನ ಮಿಸ್ತ್ರಿ ಕಾಕಾ. "ತಂಗಿ, ಒಂದ್ ಸಲ ಬಂದ್ ಹೋಗವಾ."

ಪ್ಯಾಟರ್ನ್ ಅಂದರೆ ಎರಕ ಹೊಯ್ಯಲು ಮರಳಿನಲ್ಲಿ ಅಚ್ಚು ಮೂಡಿಸುವ ಕಟ್ಟಿಗೆಯ ಮಾದರಿ. ಬೀಡುಕಬ್ಬಿಣ ಆರುವಾಗ ಕುಗ್ಗುತ್ತದೆ, ಮೀಟರಿಗೆ ಸುಮಾರು 10 ಮಿಮೀ. ಅದಕ್ಕೇ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುವ ಬದಲು ಮಿಸ್ತ್ರಿಗಳ ಹತ್ತಿರ ಒಂದು ಶ್ರಿಂಕೇಜ್ ಸ್ಕೇಲ್ ಇರುತ್ತದೆ. ಅದರ ಗೆರೆಗಳೇ ಶೇಕಡ ಒಂದರಷ್ಟು ಹಿಗ್ಗಿಸಿ ಕೊರೆದಿರುತ್ತವೆ. ಕಾಕಾ ಈ ಕೆಲಸಕ್ಕೆ ಸೇರಿದಾಗ ನಾನು ಹುಟ್ಟಿರಲಿಲ್ಲ. ಅವರ ಅಂಗಿಯ ಕಿಸೆಯಲ್ಲಿ ಮಾಮೂಲಿ ಸ್ಟೀಲ್ ಸ್ಕೇಲ್, ಕೈಪೆಟ್ಟಿಗೆಯಲ್ಲಿ ಆ ಇನ್ನೊಂದು.

ಕಿಸೆಯ ಸ್ಕೇಲನ್ನು ನನ್ನ ಎ1 ಶೀಟಿನ ಮೇಲಿಟ್ಟರು. "ಇಲ್ಲೆ ನೀ 300 ಅಂತ ಬರ್ದೀ. ಒಂದಕ್ಕ ಒಂದು ಅಂತನೂ ಬರ್ದೀ. ಸ್ಕೇಲ್ ಏನ್ ಅಂತೈತಿ ನೋಡು."

292 ಅಂತಿತ್ತು.

ಎ3 ಶೀಟೊಂದನ್ನು ಎಳೆದರು. 200 ಇರಬೇಕಾದದ್ದು 189.

"ಬೀಡ ಆರಿದ ಮ್ಯಾಲೆ ಕುಗ್ಗೂದು ನಾ ನೋಡೇನಿ. ನಿನ್ನ ಹಾಳಿ ಎರಕಾ ಹೊಯ್ಯೂಕಿಂತ ಮೊದಲ ಕುಗ್ಗೇತಲ್ಲ ತಂಗಿ!"

ಪಕ್ಕದಲ್ಲಿದ್ದ ಹುಡುಗರು ನಕ್ಕರು. ನಾನೂ ನಕ್ಕೆ, ಒಳಗೆ ಅಳು ಬರುತ್ತಿತ್ತು. 'ಈ ಡ್ರಾಯಿಂಗಿನ ಮೇಲೆ ಅಳೆಯಬೇಡಿ, ಬರೆದ ಅಳತೆ ನೋಡಿ' ಅಂತ ಟೈಟಲ್ ಬ್ಲಾಕಿನಲ್ಲಿ, ಅಂದರೆ ಹಾಳೆಯ ಮೂಲೆಯ ಹೆಸರು-ವಿವರದ ಚೌಕದಲ್ಲಿ, ಬರೆದಿರುತ್ತೇವೆ, ನಿಜ. ಆದರೆ ಶಾಪಿನಲ್ಲಿ ಎಲ್ಲರೂ ಅಳೆಯುತ್ತಾರೆ. ಒಂದಕ್ಕೊಂದು, ಅಂದರೆ ಹಾಳೆಯ ಮೇಲೂ ನಿಜವಾದ ಅಳತೆಯೇ, ಅಂತ ಬರೆದ ಮೇಲೆ ಅಳೆದವರನ್ನು ಬೈಯೋಕೂ ಆಗುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. 300ಕ್ಕೆ 292 ಅಂದರೆ ಹೆಚ್ಚುಕಡಿಮೆ 97.3 ಶೇಕಡ. 200ಕ್ಕೆ 189 ಅಂದರೆ 94.5. ಒಂದೇ ಸೆಟ್ಟು, ಒಂದೇ ಸೆಟ್ಟಿಂಗು, ಕುಗ್ಗು ಮಾತ್ರ ಎರಡು ತರಹ. ಹೇಗೆ?

ಅವತ್ತು ರಾತ್ರಿ ಉತ್ತರ ಸಿಕ್ಕಿತು. ಸಂಗತಿ ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಟೋಕ್ಯಾಡ್‌ನಲ್ಲಿ ಲೇಔಟ್ (ಪ್ರಿಂಟಿಗೆ ಹಾಳೆ ಜೋಡಿಸುವ ಪುಟ) ತೆರೆದರೆ ಬಿಳಿ ಹಾಳೆಯ ಒಳಗೆ ಸುತ್ತಲೂ ಒಂದು ತುಂಡುಗೆರೆ ಕಾಣುತ್ತದೆ. ಅದು ಬಾರ್ಡರ್ ಅಲ್ಲ, ಅಲಂಕಾರವೂ ಅಲ್ಲ. ಪ್ರಿಂಟರ್ ಶಾಯಿ ಹಾಕಬಲ್ಲ ಜಾಗದ ಎಲ್ಲೆ ಅದು, ಪ್ರಿಂಟಬಲ್ ಏರಿಯಾ. ಅದರಾಚೆ ಏನು ಬಿಡಿಸಿದರೂ ಬರುವುದಿಲ್ಲ. ನಾನು ಬಳಸುತ್ತಿದ್ದದ್ದು 'ಡಿಡಬ್ಲ್ಯೂಜಿ ಟು ಪಿಡಿಎಫ್' ಅನ್ನುವ ಪ್ಲಾಟರ್, ಅಂದರೆ ಹಾಳೆಯ ಬದಲು ಪಿಡಿಎಫ್ ಮಾಡಿಕೊಡುವ ಹೆಸರಿಗಷ್ಟೇ ಪ್ರಿಂಟರ್. ಪಿಡಿಎಫ್‌ಗೆ ಶಾಯಿಯೂ ಇಲ್ಲ ರೋಲರೂ ಇಲ್ಲ, ಆದರೂ ಅದರ ಮಾಮೂಲಿ ಎ1, ಎ3 ಹಾಳೆಗಳಿಗೆ ಖಾಲಿ ಅಂಚು ಇಟ್ಟಿರುತ್ತಾರೆ. ನನ್ನ ಕಂಪ್ಯೂಟರಿನಲ್ಲಿ ಎರಡು ಬದಿ 5.8 ಮಿಮೀ, ಇನ್ನೆರಡು ಬದಿ 17.8.

ಈಗ ಲೆಕ್ಕ ನೋಡಿ. ಎ1 ಹಾಳೆ 841 × 594. ಎತ್ತರದಲ್ಲಿ 17.8 ಎರಡು ಸಲ ಹೋದರೆ ಉಳಿಯುವುದು 558.4. ನನ್ನ ಬಾರ್ಡರಿನ ಎತ್ತರ 574. ಹಿಡಿಸುವುದಿಲ್ಲ. 'ಫಿಟ್ ಟು ಪೇಪರ್' ಅಂದಿದ್ದೇನಲ್ಲ, ಪಾಪ ಅದು ಹಿಡಿಸುವಷ್ಟು ಕುಗ್ಗಿಸಿತು. 558.4ನ್ನು 574ರಿಂದ ಭಾಗಿಸಿದರೆ ಸರಿಯಾಗಿ 97.3 ಶೇಕಡ. ಎ3 ಹಾಳೆ ಸಣ್ಣದು, ಎತ್ತರ 297, ಆದರೆ ಖಾಲಿ ಅಂಚು ಅಷ್ಟೇ ದೊಡ್ಡದು. ಹಾಗಾಗಿ ಅದು ಇನ್ನೂ ಜಾಸ್ತಿ ಕುಗ್ಗಿತು. ಮೊದಲ ದಿನದ 6 ಎಲ್ಲಿಂದ ಬಂತು ಅನ್ನೋದೂ ತಿಳಿಯಿತು: ಕುಗ್ಗಿದ ಚಿತ್ರ ತುಂಡುಗೆರೆಯ ಎಡಮೂಲೆಗೆ ಹೋಗಿ ಅಂಟಿಕೊಂಡಿತ್ತು. 5.8. ಉಳಿದದ್ದೆಲ್ಲ ಬಲಕ್ಕೆ. ನಾನು ಸೆಂಟರ್ ಟಿಕ್ ಹಾಕಿದಾಗ ರೋಗ ಹೋಗಲಿಲ್ಲ, ಕಾಣದ ಹಾಗೆ ಆಯಿತು ಅಷ್ಟೇ.

ತಪ್ಪು ಸಾಫ್ಟ್‌ವೇರಿನದಲ್ಲ. ತುಂಡುಗೆರೆ ಆರು ವರ್ಷದಿಂದ ನನ್ನ ಕಣ್ಣೆದುರೇ ಇತ್ತು.

ಸರಿ, ಫಿಟ್ ತೆಗೆದು ಒಂದಕ್ಕೊಂದು ಇಟ್ಟೆ. ಈಗ ಅಳತೆ ಸರಿ, ಆದರೆ ಬಾರ್ಡರಿನ ಮೇಲಿನ ಗೆರೆ, ಕೆಳಗಿನ ಗೆರೆ ಎರಡೂ ಮಾಯ. ತುಂಡುಗೆರೆಯ ಆಚೆ ಬಿದ್ದಿದ್ದವು.

ಪರಿಹಾರ ಹಾಳೆಗಳ ಪಟ್ಟಿಯಲ್ಲೇ ಸ್ವಲ್ಪ ಕೆಳಗಿತ್ತು: 'ಐಎಸ್‌ಒ ಫುಲ್ ಬ್ಲೀಡ್ ಎ1 (841 × 594)'. ಫುಲ್ ಬ್ಲೀಡ್ ಹಾಳೆಯಲ್ಲಿ ಖಾಲಿ ಅಂಚು ಸೊನ್ನೆ. ಆರಿಸಿದ ಕೂಡಲೇ ತುಂಡುಗೆರೆ ಸರಿದು ಹಾಳೆಯ ಅಂಚಿಗೆ ಸೇರಿಕೊಂಡಿತು. ಇದರಿಂದ ಇನ್ನೊಂದು ದೊಡ್ಡ ಲಾಭ. ಲೇಔಟಿನ 0,0 ಅನ್ನುವ ಬಿಂದು ಸಾಮಾನ್ಯವಾಗಿ ಹಾಳೆಯ ಮೂಲೆಯಲ್ಲಿ ಇರುವುದಿಲ್ಲ, ತುಂಡುಗೆರೆಯ ಮೂಲೆಯಲ್ಲಿರುತ್ತದೆ. ಅಂಚಿನಿಂದ 10 ಅಂತ ನೀವು 10,10ರಲ್ಲಿ ಗೆರೆ ಶುರು ಮಾಡಿದರೆ ಅದು ಬೀಳುವುದು 10 ಕೂಡಿಸು ಖಾಲಿ ಅಂಚಿನಷ್ಟು ದೂರ. ಫುಲ್ ಬ್ಲೀಡ್‌ನಲ್ಲಿ ಎರಡೂ ಮೂಲೆ ಒಂದೇ. ಡ್ರಾಯಿಂಗ್ ಬೋರ್ಡಿನ ಮೇಲೆ ಹಾಳೆ ಹಚ್ಚಿದ ಹಾಗೆ, ಅಂಚು ಅಂದರೆ ಅಂಚು.

(ನಿಮ್ಮ ಪ್ಲಾಟರಿಗೆ ಫುಲ್ ಬ್ಲೀಡ್ ಹಾಳೆ ಇಲ್ಲದಿದ್ದರೆ ಎರಡು ದಾರಿಗಳಿವೆ. ಪ್ಲಾಟರಿನ ಪ್ರಾಪರ್ಟೀಸ್ ತೆರೆದು 'ಮಾಡಿಫೈ ಸ್ಟ್ಯಾಂಡರ್ಡ್ ಪೇಪರ್ ಸೈಜಸ್' ಅನ್ನುವಲ್ಲಿ ನಾಲ್ಕೂ ಅಂಚಿಗೆ ನೀವೇ ಅಳತೆ ಕೊಡಬಹುದು. ಅಥವಾ ಆಪ್ಷನ್ಸ್‌ನ 'ಪ್ಲಾಟ್ ಅಂಡ್ ಪಬ್ಲಿಷ್' ಪುಟದಲ್ಲಿ ಆಫ್‌ಸೆಟ್ಟನ್ನು 'ಎಡ್ಜ್ ಆಫ್ ಪೇಪರ್'ನಿಂದ ಲೆಕ್ಕ ಹಾಕು ಅಂತ ಹೇಳಬಹುದು. ನಿಜವಾದ ಯಂತ್ರಕ್ಕೆ ಮಾತ್ರ ಸುಮ್ನೆ ಸೊನ್ನೆ ಕೊಟ್ಟು ಮೋಸ ಹೋಗಬೇಡಿ. ಅದರ ರೋಲರಿಗೆ ಹಿಡಿಯಲು ಜಾಗ ಬೇಕೇ ಬೇಕು.)

ಪ್ಲಾಟ್ ಏರಿಯಾ 'ಲೇಔಟ್', ಸ್ಕೇಲ್ ಒಂದಕ್ಕೊಂದು, ಆಫ್‌ಸೆಟ್ ಎರಡೂ ಸೊನ್ನೆ. 'ಲೇಔಟ್' ಆರಿಸಿದರೆ 'ಸೆಂಟರ್ ದ ಪ್ಲಾಟ್' ಮಂಕಾಗಿ ಒತ್ತಲು ಬರದ ಹಾಗೆ ಆಗುತ್ತದೆ. ಗಾಬರಿಯಾಗಬೇಡಿ, ಅದು ಬೇಡ. ಭಾಗದ ಚಿತ್ರ ಅರ್ಧ ಅಳತೆಗೋ ಕಾಲು ಅಳತೆಗೋ ಬೇಕಾದರೆ ಅದನ್ನು ವ್ಯೂಪೋರ್ಟಿನಲ್ಲಿ (ಹಾಳೆಯ ಮೇಲೆ ಚಿತ್ರ ತೋರಿಸುವ ಕಿಟಕಿ) ಕೊಡಿ. ಹಾಳೆ ಮಾತ್ರ ಯಾವಾಗಲೂ ಒಂದಕ್ಕೊಂದು.

ಇಷ್ಟು ತಿಳಿದ ಹುರುಪಿನಲ್ಲಿ ಒಂದು ಜಾಣತನ ಮಾಡಿದೆ. ಯಾವಾಗಲೋ ಯಾರಿಂದಲೋ ಬಂದ ಹಳೇ ಟೆಂಪ್ಲೇಟಿನಲ್ಲಿ ಎ1ರ ಬಾರ್ಡರ್ 811 × 574 ಇತ್ತು. ಸುತ್ತಲೂ 10 ಬಿಟ್ಟರೆ 821 ಆಗಬೇಕಲ್ಲ? ಯಾರೋ ಲೆಕ್ಕ ತಪ್ಪಿದ್ದಾರೆ ಅಂದುಕೊಂಡು 22 ಶೀಟಿನಲ್ಲೂ ತಿದ್ದಿದೆ. ನಾಲ್ಕೂ ಕಡೆ 10, ಸರೀ ಸಮ. ಟೈಟಲ್ ಬ್ಲಾಕಿನ ಪಕ್ಕ 100 ಮಿಮೀ ಉದ್ದದ ಒಂದು ಪಟ್ಟಿಯನ್ನೂ ಎಳೆದೆ. ಪ್ರಿಂಟ್ ಬಂದ ಕೂಡಲೇ ಸ್ಕೇಲ್ ಇಡಲು ಅದು. ಈ ಒಂದು ಕೆಲಸ ಮಾತ್ರ ನಿಜವಾದ ಜಾಣತನ, ನೀವೂ ಮಾಡಿ.

ಮರುದಿನ ಆರ್‌ಪಿಡಿ ಕ್ರಾಸಿನ ಅಂಗಡಿಯ ಮಷಿನ್ ರಿಪೇರಿಗೆ ಹೋಗಿತ್ತು. ಮಳೆಯಲ್ಲೇ ಖಡೇಬಜಾರ್ ಕಡೆಯ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ಒಂದೂವರೆ ತಾಸು ಕಾದೆ, ಯಾರದೋ ಮನೆ ಪ್ಲಾನಿನ ದೊಡ್ಡ ಕಟ್ಟು ಮೊದಲಿತ್ತು. ನನ್ನ ಸರದಿ ಬಂದು ಮೊದಲ ಹಾಳೆ ಇಳಿಯಿತು. 100ರ ಪಟ್ಟಿಯ ಮೇಲೆ ಸ್ಕೇಲ್ ಇಟ್ಟೆ. 98 ಚಿಲ್ಲರೆ.

ಎದೆ ಧಸಕ್ಕೆಂದಿತು. ಫೈಲಿನ ಪ್ರಾಪರ್ಟೀಸ್ ತೆಗೆಸಿ ನೋಡಿದೆ. ಪುಟದ ಅಳತೆ 841 × 594, ಸರಿಯಾಗಿದೆ. ಹಾಗಾದರೆ ಕುಗ್ಗಿದ್ದು ಇಲ್ಲಿ, ಅಂಗಡಿಯಲ್ಲಿ. ಪಿಡಿಎಫ್ ಓದುವ ಸಾಫ್ಟ್‌ವೇರಿನ ಪ್ರಿಂಟ್ ಕಿಟಕಿಯಲ್ಲಿ 'ಫಿಟ್' ಅಂತ ಒತ್ತಿತ್ತು. ಆ ಪ್ಲಾಟರಿಗೆ ಸುತ್ತ 5 ಮಿಮೀ ಹಿಡಿತ ಬೇಕು. 594ರಲ್ಲಿ ಆಚೆ ಈಚೆ 5 ಹೋದರೆ 584, ಅಷ್ಟರಲ್ಲಿ ನನ್ನ ಇಡೀ ಪುಟವನ್ನು ತುರುಕಿತ್ತು. 98.3 ಶೇಕಡ.

"ಆಕ್ಚುವಲ್ ಸೈಜ್ ಹಾಕ್ರಿ," ಅಂದೆ.

"ಬಾಜೂಕ ಕಟ್ ಆಗತೈತ್ರಿ ಮೇಡಮ್," ಅಂದರು ಅಂಗಡಿಯವರು.

ಕಟ್ ಆಗಲಿ. ಬಾರ್ಡರ್ ಗೆರೆ ಅಂಚಿನಿಂದ 10 ಮಿಮೀ ಒಳಗಿದೆ, ಮಷಿನ್ ಬಿಡುವುದು 5. ಕಟ್ ಆಗುವುದು ಖಾಲಿ ಜಾಗ ಮಾತ್ರ. ಇದನ್ನು ಅವರಿಗೆ ಒಪ್ಪಿಸಲು ಹತ್ತು ನಿಮಿಷ ಬೇಕಾಯಿತು. ಎರಡನೇ ಹಾಳೆ ಸರಿಯಾಗಿ 100 ತೋರಿಸಿತು. ಕೆಟ್ಟ ಹಾಳೆಯ 50 ರೂಪಾಯಿ ನನ್ನ ಲೆಕ್ಕಕ್ಕೇ ಬಿತ್ತು, ವಾದ ಮಾಡುವ ತ್ರಾಣ ಇರಲಿಲ್ಲ.

ಇನ್ನೊಂದು ವಿಷಯ, ಯಾರೂ ಹೇಳುವುದಿಲ್ಲ. ಎ1 ತೆಗೆಯುವುದು 24 ಇಂಚಿನ ರೋಲಿನ ಮೇಲೆ. ಅಂದರೆ 610 ಮಿಮೀ. ನಮಗೆ ಬೇಕಾದದ್ದು 594. ಮಷಿನ್ ಉದ್ದವನ್ನು ತಾನೇ ಕತ್ತರಿಸುತ್ತದೆ, ಅಗಲವನ್ನಲ್ಲ. ಹೆಚ್ಚಿನ 16 ಮಿಮೀ ಪಟ್ಟಿ ಹಾಗೇ ಉಳಿಯುತ್ತದೆ. ಮೊದಲ ಅಂಗಡಿಯ ಹುಡುಗ ನನ್ನನ್ನು ಕೇಳದೆಯೇ ಅದನ್ನು ನೀಟಾಗಿ ತೆಗೆದುಕೊಟ್ಟಿದ್ದ, ಹಾಗಾಗಿ ನನಗೆ ಗೊತ್ತೇ ಆಗಿರಲಿಲ್ಲ. ಇಲ್ಲಿಯವರು ಕಣ್ಣಳತೆಯಲ್ಲಿ ಬ್ಲೇಡ್ ಎಳೆದರು. ಒಂದು ತುದಿಗೆ 10, ಇನ್ನೊಂದು ತುದಿಗೆ 7. ಕಂಪ್ಯೂಟರಿನಲ್ಲಿ ಮೂರು ರಾತ್ರಿ ಕೂತು ಸರಿಮಾಡಿದ ಬಾರ್ಡರ್ ಒಂದು ಬ್ಲೇಡಿನ ಎಳೆತಕ್ಕೆ ಸೊಟ್ಟ! ಉಳಿದ ಮೂರನ್ನು ನಾನೇ ಕತ್ತರಿಸಿದೆ. ಹಾಳೆಯ ಅಂಚನ್ನು ನಂಬಬೇಡಿ. ಬಾರ್ಡರ್ ಗೆರೆಯಿಂದ ಹೊರಕ್ಕೆ 10 ಅಳೆದು ಎರಡೂ ತುದಿಗೆ ಚುಕ್ಕೆ ಇಡಿ, ಉದ್ದದ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಬ್ಲೇಡ್ ಎಳೆಯಿರಿ.

ಎರಡನೇ ಸೆಟ್ಟು ಕೊಟ್ಟೆ. ಇನ್ನೊಂದು 416. ಮಿಸ್ತ್ರಿ ಕಾಕಾ ಊರಿಗೆ ಹೋಗಿದ್ದರು. ಸಾಹುಕಾರರು ನೋಡಿ "ಮಸ್ತ್ ಬಂದಾವ ನೋಡ್ರಿ" ಅಂದರು. ಪುಣೆಯಿಂದ ಗಿರಾಕಿಯ ಕಡೆಯ ಇನ್‌ಸ್ಪೆಕ್ಷನ್ ಎಂಜಿನಿಯರ್ ಅವತ್ತೇ ಬಂದಿದ್ದರು. ಒಂದು ಎ3 ಶೀಟು ತೆಗೆದುಕೊಂಡು, ಏನೂ ಮಾತಾಡದೆ, ಮೇಜಿನ ಮೇಲಿದ್ದ ಪಂಚಿಂಗ್ ಮಷಿನ್ನಿಗೆ ಎಡ ಅಂಚನ್ನು ತೂರಿಸಿ ಒತ್ತಿದರು. ತೂತಿನ ಅಂಚು ಬಾರ್ಡರ್ ಗೆರೆಯನ್ನು ಕಚ್ಚಿ, ಪಕ್ಕದ ಒಂದು ಅಳತೆಯ ಅಂಕಿಯನ್ನೂ ನುಂಗಿತು.

"ಫೈಲಿಂಗ್ ಮಾರ್ಜಿನ್ ಎಲ್ಲಿದೆ ಮೇಡಮ್?"

811. ಹಳೇ ಟೆಂಪ್ಲೇಟಿನ 811 ತಪ್ಪಾಗಿರಲಿಲ್ಲ. 841ರಲ್ಲಿ ಎಡಕ್ಕೆ 20, ಬಲಕ್ಕೆ 10 ಹೋದರೆ 811. ಎತ್ತರ 594ರಲ್ಲಿ ಮೇಲೆ ಕೆಳಗೆ 10 ಹೋದರೆ 574. ಡ್ರಾಯಿಂಗ್ ಹಾಳೆಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 5457ರ 1999ರ ಆವೃತ್ತಿ ಹೇಳುವುದು ಇದನ್ನೇ. ಡ್ರಾಯಿಂಗ್ ಶೀಟುಗಳ ಭಾರತೀಯ ಮಾನಕ ಐಎಸ್ 10711. ಎಡಕ್ಕೆ 20, ಉಳಿದ ಮೂರು ಕಡೆ 10. ಹಾಗಾಗಿ ಬಾರ್ಡರ್ ಎ0ಗೆ 1159 × 821, ಎ2ಗೆ 564 × 400, ಎ3ಗೆ 390 × 277. ಎ4 ನಿಂತ ಹಾಳೆ, ಅದಕ್ಕೆ 180 × 277. ಟೈಟಲ್ ಬ್ಲಾಕ್ 180 ಮಿಮೀ ಅಗಲ ಯಾಕೆ ಇರುತ್ತದೆ ಅನ್ನೋದೂ ಆಗ ಹೊಳೆಯಿತು, ಎ4ರಲ್ಲಿ ಅಂಚಿನಿಂದ ಅಂಚಿಗೆ ಸರಿಯಾಗಿ ಕೂರುತ್ತದೆ. ಹಳೇ ಪಠ್ಯಗಳಲ್ಲಿ ಎ0, ಎ1 ಹಾಳೆಗೆ ಸುತ್ತಲೂ 20 ಅಂತ ಸಿಗುತ್ತದೆ, ಅದು ಹಿಂದಿನ ಆವೃತ್ತಿಯ ಲೆಕ್ಕ. ಅದಕ್ಕೇ ಹೇಳುವುದು, ಗಿರಾಕಿಯನ್ನು ಮೊದಲೇ ಕೇಳಿ. ನನ್ನ ಸರೀ ಅಂದರೆ ನಾಲ್ಕೂ ಕಡೆ ಸಮ. ಅವರ ಸರೀ ಅಂದರೆ ಎಲ್ಲ ಹಾಳೆಯಲ್ಲೂ ಒಂದೇ ತರಹ, ಮತ್ತು ಪಂಚ್ ಮಾಡಲು ಜಾಗ.

ಮಳೆಯಲ್ಲಿ ಸ್ಕೂಟಿ ಮೇಲೆ ಮನೆಗೆ ಬರುವಾಗ ಅನ್ನಿಸಿತು, ಇದನ್ನೆಲ್ಲ ಬಿಟ್ಟು ಅವ್ವನ ಜೊತೆ ಹಪ್ಪಳ ಮಾಡಿಕೊಂಡು ಇರಬಾರದಾ ಅಂತ.

ಅವತ್ತು ರಾತ್ರಿ ಹೊಸದಾಗಿ ಬಾರ್ಡರ್ ಎಳೆದೆ. 20,10ರಿಂದ ಶುರು, 831,584ಕ್ಕೆ ಕೊನೆ. ಗೆರೆಯ ದಪ್ಪ 0.7. ಪ್ರಿವ್ಯೂ ಒತ್ತಿದೆ. ಬಾರ್ಡರ್ ಇಲ್ಲ. ಲೇಔಟಿನಲ್ಲಿ ಕಾಣುತ್ತದೆ, ಪ್ರಿವ್ಯೂನಲ್ಲಿ ಇಲ್ಲ. ಅಳಿಸಿ ಮತ್ತೆ ಎಳೆದೆ. ಇಲ್ಲ. ಫೈಲೇ ಕೆಟ್ಟಿದೆ ಅಂತ ಹೊಸ ಫೈಲಿಗೆ ಕಾಪಿ ಮಾಡಿದೆ. ಇಲ್ಲ. ನಡುವೆ ಕರೆಂಟ್ ಹೋಗಿ ಬಂತು. ಹನ್ನೊಂದು ಗಂಟೆಗೆ ಅವ್ವ ಎದ್ದು ಬಂದು ನೋಡಿದಳು. "ನಾಕ್ ಗೆರೀ ಎಳ್ಯಾಕ ಇಷ್ಟೊತ್ತೇನ ನಿಂಗ?" ಅವಳಿಗೆ ಏನು ಹೇಳಲಿ?

ಒಂದು ಗಂಟೆಗೆ ಗೊತ್ತಾಯಿತು. ನಾನು ಗೆರೆ ಎಳೆದದ್ದು 'ಡೆಫ್‌ಪಾಯಿಂಟ್ಸ್' ಲೇಯರಿನ ಮೇಲೆ. ಲೇಯರ್ ಅಂದರೆ ಗೆರೆಗಳನ್ನು ಬೇರೆಬೇರೆಯಾಗಿ ಇಡುವ ಪದರ. ಅಳತೆ ಹಾಕುವಾಗ ಆಟೋಕ್ಯಾಡ್ ತಾನಾಗಿಯೇ ಮಾಡಿಕೊಳ್ಳುವ ಲೇಯರ್ ಅದು, ಅದರ ಮೇಲಿದ್ದದ್ದು ಯಾವತ್ತೂ ಪ್ರಿಂಟ್ ಆಗುವುದಿಲ್ಲ. ವ್ಯೂಪೋರ್ಟಿನ ಚೌಕ ಪ್ರಿಂಟಿನಲ್ಲಿ ಬರಬಾರದು ಅಂತ ಅದನ್ನು ಬೇಕೆಂದೇ ಆ ಲೇಯರಿಗೆ ಹಾಕಿದ್ದೆ, ಲೇಯರ್ ಬದಲಿಸುವುದನ್ನು ಮರೆತಿದ್ದೆ. ಎರಡು ತಾಸು ಹೋಯಿತು.

ಒಂದು ಶೀಟು ಸರಿಯಾದ ಮೇಲೆ ಉಳಿದ 21ನ್ನು ಕೈಯಿಂದ ತಿದ್ದಬೇಡಿ. ನಾನು ಎರಡು ಸಲ ಹಾಗೆ ಮಾಡಿ ಬೆರಳು ನೋಯಿಸಿಕೊಂಡಿದ್ದೆ. ಪೇಜ್ ಸೆಟಪ್ ಮ್ಯಾನೇಜರಿನಲ್ಲಿ ಆ ಸೆಟ್ಟಿಂಗಿಗೆ ಒಂದು ಹೆಸರು ಕೊಟ್ಟು ಉಳಿಸಿ. ಬೇರೆ ಫೈಲಿನಲ್ಲಿ 'ಪಿಸೆಟಪ್‌ಇನ್' ಅನ್ನುವ ಕಮಾಂಡ್ ಕೊಟ್ಟರೆ ಅದನ್ನು ಎಳೆದುಕೊಳ್ಳಬಹುದು. ಬಾರ್ಡರ್ ಮತ್ತು ಟೈಟಲ್ ಬ್ಲಾಕನ್ನು ಸೇರಿಸಿ ಒಂದು ಬ್ಲಾಕ್ (ಒಟ್ಟಿಗೆ ಸರಿಯುವ ಒಂದೇ ಗುಂಪು) ಮಾಡಿ, ಎಲ್ಲ ಕಡೆ 0,0ಗೆ ಕೂರಿಸಿ. ಕೊನೆಗೆ 'ಪಬ್ಲಿಷ್' ಕೊಟ್ಟರೆ 22 ಶೀಟೂ ಒಂದೇ ಸಲಕ್ಕೆ ಪಿಡಿಎಫ್ ಆಗುತ್ತವೆ. ಫ್ರೀಕ್ಯಾಡ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸುವವರಿಗೆ ಅದರ ಟೆಕ್‌ಡ್ರಾ ವಿಭಾಗದಲ್ಲಿ ಐಎಸ್‌ಒ ಹಾಳೆಯ ಟೆಂಪ್ಲೇಟುಗಳು ಸಿದ್ಧವೇ ಸಿಗುತ್ತವೆ.

ಮೂರನೇ ಸುತ್ತಿಗೆ ಎ1 ನಾಲ್ಕನ್ನು ರಿಪೇರಿಯಾಗಿ ಬಂದ ಆರ್‌ಪಿಡಿ ಕ್ರಾಸಿನ ಮಷಿನ್ನಿನಲ್ಲೇ ತೆಗೆಸಿದೆ. ಎ3 ಹದಿನೆಂಟನ್ನು ಫೌಂಡ್ರಿಯ ಆಫೀಸಿನಲ್ಲೇ ಲೇಸರ್ ಪ್ರಿಂಟರಿನಲ್ಲಿ ತೆಗೆಯಿರಿ ಅಂತ ಸಾಹುಕಾರರು ಹೇಳಿದರು. ನನ್ನ ಮುಖ ನೋಡಿ ಕರುಣೆ ಬಂತೋ ಏನೋ.

ಮೊದಲ ಎ3 ತೆಗೆದರೆ ಎಡಕ್ಕೆ 22, ಬಲಕ್ಕೆ 8. 100ರ ಪಟ್ಟಿ ಸರಿಯಾಗಿ 100. ಅಂದರೆ ಕುಗ್ಗಿಲ್ಲ, ಸರಿದಿದೆ. ತಪ್ಪು ನನ್ನ ಫೈಲಿನದೋ ಮಷಿನ್ನಿನದೋ? ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. 'ಪ್ಲಾಟ್ ಅಪ್‌ಸೈಡ್ ಡೌನ್' ಟಿಕ್ ಹಾಕಿ ಅದೇ ಶೀಟನ್ನು ತಲೆಕೆಳಗಾಗಿ ತೆಗೆಯಿರಿ. ಹಾಳೆ ತಿರುಗಿಸಿ ನೋಡಿದಾಗ ಮತ್ತೆ 22, 8 ಇದ್ದರೆ ತಪ್ಪು ಫೈಲಿನದು. ನನಗೆ ಬಂದದ್ದು 18, 12. ಅಂದರೆ ಚಿತ್ರ ಯಾವ ಕಡೆ ತಿರುಗಿದರೂ ಮಷಿನ್ ಒಂದೇ ಕಡೆಗೆ 2 ಮಿಮೀ ತಳ್ಳುತ್ತಿದೆ. ಟ್ರೇ ಎಳೆದು ನೋಡಿದೆ. ಹಾಳೆ ಹಿಡಿಯುವ ಪಕ್ಕದ ಗೈಡ್ ಸಡಿಲವಾಗಿ ನಿಂತಿತ್ತು. ಒತ್ತಿ ಹಾಳೆಗೆ ತಾಗಿಸಿದೆ. 20.5, 9.5. ಅರ್ಧ ಮಿಲಿಗೆ ತಲೆ ಕೆಡಿಸಿಕೊಳ್ಳಬೇಡಿ. ಈ ಮಳೆಗಾಲದಲ್ಲಿ ಹಾಳೆಯೇ ಥಂಡಿ ಹೀರಿ ಅಷ್ಟು ಹಿಗ್ಗುತ್ತದೆ. ಬಿಡಿಸಿಟ್ಟ ಕಟ್ಟಿನ ಹಾಳೆ ಬಿಟ್ಟು ಹೊಸ ಕಟ್ಟು ಒಡೆದು ಹಾಕಿದರೆ ಸೊಟ್ಟ ಎಳೆಯುವುದೂ ಕಡಿಮೆ. ಸೊಟ್ಟ ಇದೆಯಾ ಅಂತ ನೋಡಲು ಬಾರ್ಡರಿನ ಎರಡೂ ಕರ್ಣ ಅಳೆದು ಪ್ರಯೋಜನವಿಲ್ಲ, ಬಾರ್ಡರ್ ಚೌಕವಾಗಿಯೇ ಇರುತ್ತದೆ. ಒಂದೇ ಬದಿಯ ಅಂಚನ್ನು ಎರಡೂ ತುದಿಯಲ್ಲಿ ಅಳೆಯಿರಿ, ಅಲ್ಲಿ ಸಿಕ್ಕಿಬೀಳುತ್ತದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಮೊದಲ ದಿನದ 50, ಮೊದಲ ಸೆಟ್ಟು 416, ಖಡೇಬಜಾರಿನ ಕೆಟ್ಟ ಹಾಳೆ 50, ಎರಡನೇ ಸೆಟ್ಟು 416, ಕೊನೆಯ ನಾಲ್ಕು ಎ1 200. ಒಟ್ಟು 1132. ಒಂದೇ ಸಲಕ್ಕೆ ಸರಿಯಾಗಿದ್ದರೆ 416ರಲ್ಲಿ ಮುಗಿಯುತ್ತಿತ್ತು. 716 ರೂಪಾಯಿ ದಂಡ, ಪೆಟ್ರೋಲ್ ಬೇರೆ. ಕುಂದಾದ ದುಡ್ಡು ಸೇರಿಸಿಲ್ಲ.

ನಿನ್ನೆ ಎಲ್ಲ 22 ಶೀಟನ್ನೂ ಪಂಚ್ ಮಾಡಿ ನೋಡಿದರು. ತೂತು ಎಲ್ಲದರಲ್ಲೂ ಗೆರೆಯಿಂದ ದೂರ, ಒಂದೇ ಸಾಲಿನಲ್ಲಿ. ಸಹಿ ಆಯಿತು. ಹೊರಡುವ ಮೊದಲು ಒಂದು ಎ1 ಹಿಡಿದು ಪ್ಯಾಟರ್ನ್ ಶಾಪಿಗೆ ಹೋದೆ. ಮಿಸ್ತ್ರಿ ಕಾಕಾ ಊರಿಂದ ಬಂದಿದ್ದರು. ರಂಧಾ ಹೊಡೆಯುತ್ತಿದ್ದವರು ಕೈ ಝಾಡಿಸಿಕೊಂಡು, ಸ್ಕೇಲ್ ತೆಗೆದು, ಅದೇ 300ರ ಅಳತೆಯ ಮೇಲೆ ಇಟ್ಟರು. ಬಗ್ಗಿ ನೋಡಿದೆ.

297.

ನನ್ನ ಬಾಯಿ ಒಣಗಿತು. ಅಂಗಡಿಯವನು ಮತ್ತೆ ಫಿಟ್ ಒತ್ತಿದನಾ? 100ರ ಪಟ್ಟಿ ನಾನೇ ಅಳೆದಿದ್ದೆನಲ್ಲ? ಕಾಕಾ ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಸ್ಕೇಲನ್ನು ತಿರುಗಿಸಿ ಅದರ ಮೇಲೆ ಕೊರೆದ ಅಕ್ಷರ ತೋರಿಸಿದರು. ಪೆಟ್ಟಿಗೆಯ ಶ್ರಿಂಕೇಜ್ ಸ್ಕೇಲ್.

"ಹೆದರಬ್ಯಾಡ ತಂಗಿ," ಅಂತ ನಗುತ್ತ ಕಿಸೆಗೆ ಕೈ ಹಾಕಿದರು. "ಈ ಪಟ್ಟಿ ಮ್ಯಾಲೆ 297 ಬಂದ್ರ ಬರೋಬ್ಬರಿ ಐತಿ ಅಂತ ಅರ್ಥ."